ವೇಟಿಂಗ್ ಲಿಸ್ಟ್ ನೂರೈವತ್ತೊಂದು

ಆಗಸ್ಟ್ ಹದಿನಾರು, ಶನಿವಾರ, ಬೆಳಿಗ್ಗೆ ಐದು ಗಂಟೆ ನಲವತ್ತು ನಿಮಿಷ. ಸ್ಥಳ, ಪರದೇಶದ ನಿಲಾಯ್ ಎಂಬ ಊರಿನಲ್ಲಿರುವ ಮಗಳ ಮನೆಯ ಊಟದ ಮೇಜು. ಹಾಜರಿದ್ದವರು ಮೂವರು: ನಾನು, ನನ್ನ ಹೆಂಡತಿ ಸರೋಜ, ಮಗಳು ಶ್ವೇತಾ. ಅಳಿಯ ಪ್ರಶಾಂತ ನಿದ್ದೆಯಲ್ಲಿದ್ದುದರಿಂದ ಗೈರುಹಾಜರಿ. ಅಂದು ಸಂಜೆ ನಾಲ್ಕೂವರೆಗೆ ಶ್ವೇತಾ ಪಾಠ ಮಾಡುವ ವಿಶ್ವವಿದ್ಯಾಲಯದ ಮೈದಾನದಲ್ಲಿ ಹುಡುಗಿಯರ ಫುಟ್‌ಬಾಲ್ ಪಂದ್ಯವಿತ್ತು. ಅದರ ಟಿಕೆಟ್ ಮಾರಾಟ ಹನ್ನೊಂದು ದಿನಗಳಿಂದ ನನ್ನ ಕೈಯಲ್ಲಿತ್ತು. ಆ ಪಂದ್ಯವನ್ನು ಯಾರು ನೋಡದಿದ್ದರೂ ನೋಡಲೇಬೇಕಾಗಿದ್ದ ಒಬ್ಬ ಮನುಷ್ಯ, ಅಂದರೆ ರಿಜಿಸ್ಟ್ರಾರ್ ಲಿಮ್ ಸಾಹೇಬರು, ನನ್ನ ವೇಟಿಂಗ್ ಲಿಸ್ಟಿನಲ್ಲಿ ನೂರೈವತ್ತೊಂದನೆಯವರಾಗಿ ಕೂತಿದ್ದರು.

ಒಬ್ಬ ಮನುಷ್ಯನಿಗೆ ಮೂವತ್ತೆಂಟು ವರ್ಷ ಒಂದೇ ಕೆಲಸ ಕಲಿಸಿ, ಆಮೇಲೆ ಅದಕ್ಕೆ ತದ್ವಿರುದ್ಧವಾದ ಕೆಲಸವನ್ನು ಅವನ ಕೈಗೆ ಕೊಟ್ಟರೆ ಏನಾಗುತ್ತದೆ ಎಂಬುದನ್ನು ನಾನು ಸ್ವಂತ ಅನುಭವದಿಂದ ಹೇಳಬಲ್ಲೆ. ನಾನು ಅರಸೀಕೆರೆ ಜಂಕ್ಷನ್ನಿನ ರಿಸರ್ವೇಶನ್ ಕೌಂಟರಿನಲ್ಲಿದ್ದವನು. ಜನ ಅಂದುಕೊಂಡಂತೆ ಆ ಕಿಂಡಿಯ ಹಿಂದೆ ಕೂತವನ ಕೆಲಸ ಟಿಕೆಟ್ ಕೊಡುವುದಲ್ಲ. ಟಿಕೆಟ್ ಇಲ್ಲ ಎನ್ನುವುದು. ಅದನ್ನು ದಿನಕ್ಕೆ ಇನ್ನೂರು ಸಲ, ಎದುರಿನವರು ಅಳುವಂತೆಯೂ ಆಗಬಾರದು, ನಮಗೆ ಕನಿಕರ ಹುಟ್ಟುವಂತೆಯೂ ಆಗಬಾರದು, ಅಂಥ ಒಂದು ಸಮನಾದ ಧ್ವನಿಯಲ್ಲಿ ಹೇಳಬೇಕು. ಆ ಧ್ವನಿ ನನಗೆ ನಾಲ್ಕನೆಯ ವರ್ಷಕ್ಕೆ ಕೈಗೂಡಿತು. ಐದನೆಯ ವರ್ಷ ಮದುವೆಯಾಯಿತು. ಸರೋಜ ಇಂದಿಗೂ ನನ್ನಿಂದ ಏನಾದರೂ ಬೇಕಿದ್ದರೆ ಬೆಳಿಗ್ಗೆ ಎಂಟಕ್ಕೆ ಮುಂಚೆ ಕೇಳುವುದಿಲ್ಲ. "ಕೌಂಟರ್ ತೆರೀಲಿ ಅಂತ ಕಾಯ್ತಿದೀನಿ" ಎಂದು ಬಂದವರೆದುರು ಹೇಳುತ್ತಾಳೆ.

ಜುಲೈ ಕೊನೆಗೆ ನಾವಿಬ್ಬರೂ ಇಲ್ಲಿಗೆ ಬಂದಾಗ ಶ್ವೇತಾಳ ಮುಖ ಸಪ್ಪಗಿತ್ತು. ಅವಳು ಕಲಿಸುವುದು ಅಂಗರಚನಾಶಾಸ್ತ್ರ, ಆದರೆ ಚಿಕ್ಕವಳಿದ್ದಾಗ ಒಮ್ಮೆ ಕಾಲಿಗೆ ಪೆಟ್ಟುಮಾಡಿಕೊಳ್ಳುವಷ್ಟು ಫುಟ್‌ಬಾಲ್ ಆಡಿದ್ದಳು ಎಂಬ ಕಾರಣಕ್ಕೆ ಹುಡುಗಿಯರ ತಂಡದ ಉಸ್ತುವಾರಿಯನ್ನೂ ಅವಳ ತಲೆಗೆ ಕಟ್ಟಿದ್ದರು. ತಂಡಕ್ಕೊಂದು ಸ್ವಂತ ಮೈದಾನವಿದೆ. ಅದರ ಒಂದು ಬದಿಗೆ ನಾನೂರು ಜನ ಕೂರಬಹುದಾದ ಸಿಮೆಂಟಿನ ಮೆಟ್ಟಿಲುಗಳಿವೆ. ಹಿಂದಿನ ಪಂದ್ಯಕ್ಕೆ ಅಲ್ಲಿ ಕೂತವರು ಮೂವತ್ತೊಂದು ಜನ. ಅವರಲ್ಲಿ ಇಬ್ಬರು ನೆರಳಿಗಾಗಿ ಬಂದವರು. ಇದನ್ನು ಲಿಮ್ ಸಾಹೇಬರು ಕಣ್ಣಾರೆ ಕಂಡಿದ್ದರು. ಒಂದು ಪತ್ರ ಬಂತು: ಮುಂದಿನ ಪಂದ್ಯಕ್ಕೆ ಮೆಟ್ಟಿಲು ತುಂಬದಿದ್ದರೆ ಮೈದಾನವನ್ನು ಪಿಕಲ್‌ಬಾಲ್ ಅಂಕಣಗಳಾಗಿ ಮಾರ್ಪಡಿಸಲಾಗುವುದು. ಪಿಕಲ್‌ಬಾಲ್ ಎಂದರೆ ಟೆನಿಸ್ಸಿಗೂ ಪಿಂಗ್‌ಪಾಂಗಿಗೂ ನಡುವಿನ ಒಂದು ಆಟ. ಈಗ ಇಲ್ಲಿ ಎರಡು ಕಾರು ನಿಲ್ಲಿಸುವಷ್ಟು ಜಾಗ ಖಾಲಿ ಬಿದ್ದರೂ ಮರುವಾರ ಅಲ್ಲಿ ಅದರ ಬಲೆ ಕಟ್ಟಿರುತ್ತಾರೆ.

ಆಗಸ್ಟ್ ಮೊದಲ ವಾರದ ಒಂದು ಸಂಜೆ ತಂಡದ ನಾಯಕಿ ನೂರುಲ್ ಮನೆಗೆ ಬಂದಿದ್ದಳು. ನರ್ಸಿಂಗ್ ಓದುವ ಹುಡುಗಿ. ಕಾಲ್ಚೀಲದೊಳಗಿಂದ ಮೊಣಕಾಲಿನವರೆಗೂ ಹಳೆಯ ಗಾಯಗಳು. ಸರೋಜ ಕೊಟ್ಟ ಉಪ್ಪಿಟ್ಟನ್ನು ತಿಂದು, ತಟ್ಟೆ ತೊಳೆದಿಟ್ಟು ಬಂದು ಹೇಳಿದಳು. "ಆಂಟಿ, ಮೈದಾನ ಹೋದ್ರೆ ಎಲ್ಲಾ ಪಂದ್ಯನೂ ಬೇರೆಯವರ ಮನೇಲೇ ಲಾ. ನಮ್ಮ ಮನೆಗೆ ಅಂತ ಯಾರನ್ನೂ ಕರೆಯೋಕಾಗಲ್ಲ." ಲಾ ಎಂಬುದು ಇಲ್ಲಿಯವರು ಮಾತಿನ ಕೊನೆಗೆ ಅಂಟಿಸುವ ಬಾಲ. ಆ ಮಾತು ನನ್ನನ್ನು ತಟ್ಟಿತು. ರೈಲ್ವೆ ಕ್ವಾರ್ಟರ್ಸಿನಲ್ಲಿ ಬದುಕಿದವರಿಗೆ ಅದು ತಟ್ಟುತ್ತದೆ. ಟಿಕೆಟ್ ಹೇಗೆ ಮಾರುತ್ತಿದ್ದೀರಿ, ಕಾಗದ ಪತ್ರ ತನ್ನಿ ಎಂದೆ.

ಕಾಗದ ಇರಲಿಲ್ಲ. ವಿದ್ಯಾರ್ಥಿ ಸಮಿತಿಯವರು ಎಲ್ಲವನ್ನೂ ಮೊಬೈಲಿನಲ್ಲಿ ಮಾಡುತ್ತಿದ್ದರು. ಮರಮರಕ್ಕೂ ಕ್ಯೂಆರ್ ಕೋಡಿನ ಚೀಟಿ ಅಂಟಿಸಿದ್ದರು. ಮೊದಲು ಕೊಂಡವರಿಗೆ ರಿಯಾಯಿತಿ, ಮೂರು ಕೊಂಡರೆ ಒಂದು ಉಚಿತ, ಅದೃಷ್ಟ ಚೀಟಿ ಎತ್ತಿದವರಿಗೆ ಬಬಲ್ ಟೀ. ಇಷ್ಟೆಲ್ಲ ಮಾಡಿ ಹೋಗಿದ್ದ ಟಿಕೆಟ್ ಹತ್ತೊಂಬತ್ತು. ನನಗೆ ಕಾರಣ ಒಂದೇ ನೋಟಕ್ಕೆ ಗೊತ್ತಾಯಿತು. ಟಿಕೆಟ್ ತೀರ ಸುಲಭವಾಗಿ ಸಿಗುತ್ತಿತ್ತು. ಹಾಸಿಗೆಯಲ್ಲಿ ಮಲಗಿಕೊಂಡೇ ಹೆಬ್ಬೆರಳಿನಿಂದ ಕೊಳ್ಳಬಹುದಾದ ವಸ್ತುವಿಗೆ ಯಾರು ಮರ್ಯಾದೆ ಕೊಡುತ್ತಾರೆ? ನಮ್ಮ ಕಾಲದಲ್ಲಿ ಮೊದಲು ಬಂದವರು ಮುಂಜಾನೆ ನಾಲ್ಕಕ್ಕೆ ಬಂದು, ಸಾಲಿನಲ್ಲಿ ಚಪ್ಪಲಿ ಬಿಟ್ಟು ಹಲ್ಲುಜ್ಜಿ ಬರುತ್ತಿದ್ದರು. ಅವರಿಗೆ ಸಿಗುತ್ತಿದ್ದ ರಿಯಾಯಿತಿ ಎಂದರೆ ಇಲ್ಲ ಎಂಬ ಉತ್ತರ ಉಳಿದವರಿಗಿಂತ ಬೇಗ ಸಿಗುವುದು.

ಮರುದಿನವೇ ಕ್ಯೂಆರ್ ಚೀಟಿಗಳನ್ನೆಲ್ಲ ಕೀಳಿಸಿದೆ. ಕ್ಯಾಂಟೀನಿನ ಪಕ್ಕ ಖಾಲಿ ಬಿದ್ದಿದ್ದ ಒಂದು ಕಿಂಡಿಯನ್ನು ಕೇಳಿ ಪಡೆದೆ. ಬೆಳಿಗ್ಗೆ ಎಂಟರಿಂದ ಹತ್ತು, ಒಬ್ಬರಿಗೆ ಎರಡೇ ಟಿಕೆಟ್, ದಿನಕ್ಕೆ ಐವತ್ತೇ ಟಿಕೆಟ್, ಫಾರಂ ಅನ್ನು ದೊಡ್ಡ ಅಕ್ಷರಗಳಲ್ಲಿ ತುಂಬಬೇಕು, ಗೀಚಿ ತಿದ್ದಿದ್ದು ಸ್ವೀಕಾರವಿಲ್ಲ. ಮೈದಾನ ನೋಡಿಕೊಳ್ಳುವ ಮಣಿಯಂ ಜೊತೆ ಸೇರಿ ಮೆಟ್ಟಿಲುಗಳ ಮೇಲೆ ಬಿಳಿ ಬಣ್ಣದಲ್ಲಿ ಒಂದರಿಂದ ನಾನೂರರವರೆಗೆ ನಂಬರು ಬರೆದೆ. ಮಣಿಯಂ ಮುನ್ನೂರ ಹನ್ನೆರಡರಲ್ಲಿ ಬ್ರಷ್ ಇಟ್ಟು, ಸೊಂಟ ಹಿಡಿದುಕೊಂಡು ತಮಿಳಿನಲ್ಲಿ ಕೇಳಿದ. "ಸಾರ್, ಇದು ಪಂದ್ಯ ಮುಗಿದ ಮೇಲೆ ಎಲ್ಲಿಗಾದರೂ ಹೊರಡುತ್ತದಾ?"

ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಬೇಕು. ನಾನೂರು ಸೀಟಿಗೆ ನಂಬರು ಹಾಕಿದ ಮೇಲೆ ನಾನೂರನ್ನೂ ಮಾರಲು ನನ್ನ ಕೈ ಏಳಲಿಲ್ಲ. ಮಾರುವುದಕ್ಕೆ ಇನ್ನೂರೈವತ್ತು ಇಟ್ಟು, ಉಳಿದ ನೂರೈವತ್ತನ್ನು ಕೋಟಾಗಳಿಗೆ ಹಂಚಿಬಿಟ್ಟೆ. ಹಿರಿಯರ ಕೋಟಾ, ಮಹಿಳಾ ಕೋಟಾ, ಹೊರ ಊರಿನವರ ಕೋಟಾ, ತುರ್ತು ಕೋಟಾ. ಇದನ್ನು ಯಾರಿಗೂ ಹೇಳಲಿಲ್ಲ. ಕೋಟಾ ಇದೆ ಎಂದು ಹೇಳಿದರೆ ಅದು ಕೋಟಾ ಆಗಿ ಉಳಿಯುವುದಿಲ್ಲ. ಗಾಡಿ ಹೊರಡುವ ನಾಲ್ಕು ತಾಸು ಮುಂಚೆ ಚಾರ್ಟ್ ಮಾಡುವಾಗ ಉಳಿದದ್ದನ್ನು ವೇಟಿಂಗ್ ಲಿಸ್ಟಿನವರಿಗೆ ಬಿಡುಗಡೆ ಮಾಡುವುದು ಪದ್ಧತಿ. ಅಷ್ಟರವರೆಗೆ ಆ ಸೀಟುಗಳು ಇದ್ದೂ ಇಲ್ಲ.

ಮೊದಲ ದಿನ ಏಳು ಟಿಕೆಟ್ ಹೋದವು. ಎರಡನೆಯ ದಿನ ಎಂಟೂಕಾಲಿಗೆ ಒಬ್ಬಳು ಬಂದಳು. ಫಾರಂನಲ್ಲಿ ಹೆಸರನ್ನು ಸಣ್ಣ ಅಕ್ಷರಗಳಲ್ಲಿ ಬರೆದಿದ್ದಳು. ಮತ್ತೆ ಬರೆಯಲು ಹೇಳಿದೆ. ಅವಳು ಬರೆಯುವಷ್ಟರಲ್ಲಿ ಹಿಂದೆ ಇನ್ನೊಬ್ಬ ಬಂದು ನಿಂತ. ಅವನ ಹಿಂದೆ ಇಬ್ಬರು. ಅಷ್ಟರಲ್ಲಿ ನನ್ನ ಚಹಾದ ಸಮಯವಾಯಿತು. ಕಿಂಡಿಗೆ ಹಲಗೆ ಹಾಕಿ ಹದಿನೈದು ನಿಮಿಷ ಒಳಗೆ ಕೂತೆ. ತೆಗೆದು ನೋಡಿದರೆ ಸಾಲು ಕ್ಯಾಂಟೀನಿನ ಕಂಬ ದಾಟಿ, ತಿರುವಿನಲ್ಲಿ ಮರೆಯಾಗಿತ್ತು. ನನ್ನ ಎದೆಯಲ್ಲಿ ಏನೋ ಹಳೆಯದೊಂದು ಶಿಳ್ಳೆ ಹಾಕಿ ಹೊರಟಂತಾಯಿತು. ಈ ದೇಶದ ಜನರ ಒಂದು ಗುಣ ನನಗೆ ಆಗ ತಿಳಿದಿರಲಿಲ್ಲ. ಉದ್ದ ಸಾಲು ಕಂಡರೆ ತುದಿಯಲ್ಲಿ ರುಚಿಯಾದ ತಿಂಡಿ ಇದೆ ಎಂದು ಅವರು ನಂಬುತ್ತಾರೆ, ಮೊದಲು ನಿಂತು ಆಮೇಲೆ ವಿಚಾರಿಸುತ್ತಾರೆ. ಇಪ್ಪತ್ತು ನಿಮಿಷ ನಿಂತು ಬಂದ ಒಬ್ಬ ದಪ್ಪ ಕನ್ನಡಕದ ವಿದ್ಯಾರ್ಥಿ ಕಿಂಡಿಯೊಳಗೆ ಬಗ್ಗಿ, "ಪಾಕ್‌ಚಿಕ್, ಎರಡು ನಾಸಿ ಲೆಮಾಕ್, ಸಂಬಲ್ ಜಾಸ್ತಿ, ತಪಾವ್" ಎಂದ. ಪಾಕ್‌ಚಿಕ್ ಎಂದರೆ ಚಿಕ್ಕಪ್ಪ, ನಾಸಿ ಲೆಮಾಕ್ ಎಂದರೆ ತೆಂಗಿನ ಹಾಲಿನ ಅನ್ನ, ಸಂಬಲ್ ಅದರ ಜೊತೆಯ ಖಾರದ ಚಟ್ನಿ, ತಪಾವ್ ಎಂದರೆ ಕಟ್ಟಿಕೊಡಿ. ನಾನು ಫಾರಂ ಮುಂದೆ ತಳ್ಳಿದೆ. ಅವನು ಹಿಂದೆ ತಿರುಗಿ ಅಷ್ಟುದ್ದ ಸಾಲನ್ನೊಮ್ಮೆ ನೋಡಿ, ಇಷ್ಟು ಜನ ಸುಮ್ಮನೆ ನಿಂತಿರಲಾರರು ಎಂದುಕೊಂಡು, ಎರಡು ಟಿಕೆಟ್ ಕೊಂಡು ಹೋದ.

ಒಂಬತ್ತಕ್ಕೇ ಐವತ್ತು ಮುಗಿಯಿತು. "ಇಲ್ಲ" ಎಂದೆ. ಆಹಾ, ಎಷ್ಟು ವರ್ಷಗಳ ಮೇಲೆ. ಅದೇ ಧ್ವನಿ, ಅದೇ ಸಮ. ಸಾಲಿನಲ್ಲಿ ಉಳಿದಿದ್ದವರು ಗೊಣಗಿದರು. ಮರುದಿನ ಏಳಕ್ಕೇ ಬಂದು ನಿಂತರು. ಆಮೇಲೆ ಸುದ್ದಿ ನನ್ನ ಕೈಮೀರಿ ಹಬ್ಬಿತು. ನಿಲಾಯ್‌ನಲ್ಲಿ ಯಾವುದೋ ಪಂದ್ಯಕ್ಕೆ ಟಿಕೆಟ್ಟೇ ಸಿಗುತ್ತಿಲ್ಲವಂತೆ ಎಂಬುದು ಪೆಟಾಲಿಂಗ್ ಜಯಾದ ಕನ್ನಡದವರ ವಾಟ್ಸಾಪ್ ಗುಂಪಿಗೆ ತಲುಪಿದ ಕೂಡಲೇ ನಮ್ಮವರ ರಕ್ತವೂ ಕುದಿಯಿತು. ಫುಟ್‌ಬಾಲ್ ಯಾರಿಗೆ ಬೇಕಾಗಿತ್ತೋ ತಿಳಿಯದು. ಆದರೆ ಸಿಗದ ಟಿಕೆಟನ್ನು ಪರಿಚಯದವರ ಮೂಲಕ ಪಡೆಯುವ ಸುಖವನ್ನು ಬಿಟ್ಟು ಹದಿನೈದು ವರ್ಷವಾಗಿದ್ದವರು ಅವರು. ಬಾಂಗ್ಸಾರ್‌ನಿಂದ ಉಡುಪಿ ಕಡೆಯ ಡಾಕ್ಟರ್ ಶೆಣೈ ಫೋನ್ ಮಾಡಿದರು.

"ಒಂದೆರಡು ಟಿಕೆಟ್ ಮಾಡಿ ಕೊಡಿ ಮಾರಾಯ್ರೆ. ನಾವು ನಾವೇ ಅಲ್ವಾ."

"ಫಾರಂ ತುಂಬಿ, ಸಾಲಿನಲ್ಲಿ ಬನ್ನಿ ಡಾಕ್ಟರೇ."

"ಸಾಲಿನಲ್ಲಿ ಬರುದಾದ್ರೆ ನಿಮ್ಮ ಪರಿಚಯ ಯಾಕೆ ಮಾರಾಯ್ರೆ ನಂಗೆ?"

ಕೊನೆಗೆ ಅವರು ರೋಗಿಗಳನ್ನು ಮುಂದಿನ ತಾಸಿಗೆ ತಳ್ಳಿ, ಬೆಳಿಗ್ಗೆ ಆರಕ್ಕೆ ಹೊರಟು ಬಂದು ಹೆಂಡತಿಯೊಂದಿಗೆ ಸಾಲಿನಲ್ಲಿ ನಿಂತರು. ನನ್ನ ಹೆಂಡತಿಯೂ ಸಾಲಿನಲ್ಲೇ ಬಂದಳು. ವಯಸ್ಸಿನ ಕಾಲಂ ಖಾಲಿ ಬಿಟ್ಟಿದ್ದಳು. ತುಂಬು ಎಂದೆ. "ರೀ, ನಿಮಗೆ ಗೊತ್ತಿಲ್ವಾ" ಎಂದಳು. ಕಿಂಡಿಯ ಹಿಂದೆ ಕೂತಾಗ ನನಗೆ ಏನೂ ಗೊತ್ತಿರುವುದಿಲ್ಲ ಎಂದೆ. ಅವಳು ನಲವತ್ತೊಂಬತ್ತು ಎಂದು ಬರೆದು, ನನ್ನ ಮುಖವನ್ನೇ ನೋಡುತ್ತ ನಿಂತಳು. ಗೀಚಿ ತಿದ್ದಿರಲಿಲ್ಲವಾದ್ದರಿಂದ ಸ್ವೀಕರಿಸಿದೆ.

ಇನ್ನೂರೈವತ್ತೂ ಮುಗಿದ ಮೇಲೆ ವೇಟಿಂಗ್ ಲಿಸ್ಟ್ ತೆರೆದೆ. ಅದು ದಿನಕ್ಕೆ ಐವತ್ತರಂತೆ ಬೆಳೆಯಿತು. ಶುಕ್ರವಾರ ಒಂಬತ್ತು ಐವತ್ತೆಂಟಕ್ಕೆ, ಕಿಂಡಿ ಮುಚ್ಚಲು ಎರಡು ನಿಮಿಷವಿದ್ದಾಗ, ಇಸ್ತ್ರಿ ಮಾಡಿದ ಬಿಳಿ ಅಂಗಿಯ ಒಬ್ಬರು ಬಂದು ಫಾರಂ ಕೇಳಿದರು. ಅಕ್ಷರಗಳು ಅಚ್ಚಿನಂತಿದ್ದವು. ಹುದ್ದೆ ಎಂಬಲ್ಲಿ ರಿಜಿಸ್ಟ್ರಾರ್ ಎಂದಿತ್ತು. ನೂರೈವತ್ತೊಂದು ಎಂದು ಬರೆದುಕೊಟ್ಟ ಚೀಟಿಯನ್ನು ಅವರು ಅಂಚಿಗೆ ಅಂಚು ಸೇರಿಸಿ ಮಡಚಿ ಜೇಬಿಗಿಟ್ಟುಕೊಂಡರು. ಒಂದು ಮಾತು ಹೆಚ್ಚಿಗೆ ಆಡಲಿಲ್ಲ. ಮನುಷ್ಯ ನನಗೆ ಬಹಳ ಹಿಡಿಸಿದರು.

ಶನಿವಾರ ಐದು ನಲವತ್ತರ ಸಭೆಗೆ ಇದೇ ಹಿನ್ನೆಲೆ. ಶ್ವೇತಾ ಕಾಫಿ ಮುಟ್ಟಿರಲಿಲ್ಲ.

"ಅಪ್ಪ, ಅವರಿಗೊಂದು ಸೀಟು ಕನ್ಫರ್ಮ್ ಮಾಡಿ. ಮೆಟ್ಟಿಲು ತುಂಬಿದ್ದನ್ನ ಅವರೇ ನೋಡ್ಬೇಕು, ಇವತ್ತೇ ಫೈಲಿಗೆ ಸಹಿ ಹಾಕ್ಬೇಕು. ಅವರೇ ಒಳಗೆ ಬರ್ಲಿಲ್ಲ ಅಂದ್ರೆ ಇಷ್ಟೆಲ್ಲಾ ಮಾಡಿದ್ದು ಯಾಕೆ?"

"ಚಾರ್ಟ್ ಆಗೋದು ಹನ್ನೆರಡೂವರೆಗೆ."

"ಅವರ ಮುಂದೆ ನೂರೈವತ್ತು ಜನ ಇದಾರೆ ಅಪ್ಪ."

"ಇದಾರೆ. ಅವರು ಮೊದಲು ಬಂದೋರು."

"ಬಿಡು ಶ್ವೇತಾ," ಎಂದಳು ಸರೋಜ. "ನಿನ್ನ ಹೆರಿಗೆಗೆ ನಾನು ತವರಿಗೆ ಹೊರಟಾಗ ಇವರು ನಂಗೆ ಕೊಟ್ಟಿದ್ದು ಮೇಲಿನ ಬರ್ತು."

ಹನ್ನೆರಡೂವರೆಗೆ ಕಿಂಡಿಯ ಮುಂದೆ ಜಾತ್ರೆ. ನಾನು ಒಳಗೆ ಕೂತು ಕೋಟಾಗಳನ್ನು ಒಂದೊಂದಾಗಿ ಬಿಡುಗಡೆ ಮಾಡಿದೆ. ನೂರೈವತ್ತು ಸೀಟು, ನೂರೈವತ್ತು ಜನ. ಲೆಕ್ಕ ಕರಾರುವಾಕ್ಕಾಗಿ ಕೂಡಿತು. ಹೊರಗೆ ಉಳಿದವರು ಒಬ್ಬರೇ, ಲಿಮ್ ಸಾಹೇಬರು. ಅವರನ್ನು ಆರ್‌ಎಸಿಗೆ ಹಾಕಿದೆ, ಅಂದರೆ ಒಂದೇ ಸೀಟಿನಲ್ಲಿ ಇಬ್ಬರು. ಬೇರೆಯವರ ಸೀಟನ್ನು ಅರ್ಧ ಮಾಡಲು ಮನಸ್ಸು ಬರಲಿಲ್ಲ. ಸರೋಜಳ ಇನ್ನೂರ ಹದಿನಾಲ್ಕನೆಯ ಸೀಟನ್ನೇ ಅರ್ಧ ಮಾಡಿದೆ. ಆ ದೂರು ಹೇಗೂ ಮನೆಗೇ ಬರುವಂಥದ್ದು. ಚಾರ್ಟನ್ನು ಗೋಡೆಗೆ ಅಂಟಿಸಿದಾಗ ಎದ್ದ ಕೂಗು ಅರಸೀಕೆರೆಯಲ್ಲಿ ದಸರಾ ರಜೆಯ ಹಿಂದಿನ ದಿನವೂ ಎದ್ದಿರಲಿಲ್ಲ. ಹುಡುಗರು ತಮ್ಮ ಹೆಸರಿನ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ನಾಸಿ ಲೆಮಾಕ್ ಕೇಳಿ ಬಂದಿದ್ದವನು ತನ್ನ ಸೀಟು ನಂಬರನ್ನು ಕೈಮೇಲೆ ಬರೆದುಕೊಂಡಿದ್ದ.

ನಾಲ್ಕೂವರೆಗೆ ಮೆಟ್ಟಿಲುಗಳು ತುಂಬಿದ್ದವು. ಎರಡು ಸೀಟು ಮಾತ್ರ ಖಾಲಿ. ಅವು ಶೆಣೈ ದಂಪತಿಯವು. ಟಿಕೆಟ್ ಸಿಕ್ಕಿತಲ್ಲ, ಇನ್ನು ಅಷ್ಟು ದೂರ ಯಾಕೆ ಬರುವುದು ಎಂದು ಅವರು ಮನೆಯಲ್ಲೇ ಉಳಿದಿದ್ದರು. ನಾನು ಚಾರ್ಟಿನ ಪ್ರತಿ ಹಿಡಿದು ಸಾಲುಸಾಲಾಗಿ ತಪಾಸಣೆಗೆ ಹೊರಟೆ. ಅತ್ತ ಪಂದ್ಯ ನಡೆಯುತ್ತಿತ್ತು, ಇತ್ತ ನಾನು ಪ್ರತಿಯೊಬ್ಬರ ಚೀಟಿ ನೋಡಿ ಗುರುತು ಹಾಕುತ್ತಿದ್ದೆ. ಇನ್ನೂರ ಹದಿನಾಲ್ಕರಲ್ಲಿ ಲಿಮ್ ಸಾಹೇಬರು ಅರ್ಧ ಸೀಟಿನಲ್ಲಿ ಮೊಣಕಾಲು ಜೋಡಿಸಿ ಕೂತಿದ್ದರು. ಸರೋಜ ಅವರ ಕೈಯಲ್ಲಿ ಕೋಡುಬಳೆಯ ಡಬ್ಬಿ ಕೊಟ್ಟು, ತನ್ನ ಇಂಗ್ಲಿಷಿನಲ್ಲಿ ಅವರ ತಾಯಿಯ ಮಂಡಿನೋವಿನ ವಿಚಾರಣೆ ನಡೆಸಿದ್ದಳು. ವಿರಾಮದ ಹೊತ್ತಿಗೆ ನಿಯಮದ ಪ್ರಕಾರ ಹೋಗಿ, ಎರಡು ಸೀಟು ಖಾಲಿ ಇವೆ, ಬದಲಾಯಿಸಿಕೊಡುತ್ತೇನೆ ಎಂದೆ. ಅವರು ಬಾಯಿ ತುಂಬ ಕೋಡುಬಳೆ ಇದ್ದುದರಿಂದ ಕೈ ಅಲ್ಲಾಡಿಸಿ ಬೇಡವೆಂದರು.

ನಮ್ಮ ಹುಡುಗಿಯರು ನಾಲ್ಕು ಗೋಲಿನಿಂದ ಹಿಂದಿದ್ದರು. ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಂಡಂತೆ ಕಾಣಲಿಲ್ಲ. ಇಷ್ಟು ಕಷ್ಟಪಟ್ಟು ಗಿಟ್ಟಿಸಿದ ಸೀಟಿನಲ್ಲಿ ಕೂತು ಬೇಸರಪಡಲು ಯಾರಿಗೂ ಇಷ್ಟವಿರಲಿಲ್ಲ. ಕೊನೆಯ ಹತ್ತು ನಿಮಿಷವಿದ್ದಾಗ ನೂರುಲ್ ಎಲ್ಲಿಂದಲೋ ಚೆಂಡು ತಂದು, ಇಬ್ಬರನ್ನು ದಾಟಿ, ಬಿದ್ದು, ಬಿದ್ದಲ್ಲಿಂದಲೇ ಒದ್ದಳು. ಬಲೆ ಅಲ್ಲಾಡಿತು. ಮುನ್ನೂರ ತೊಂಬತ್ತೊಂಬತ್ತು ಜನ ಒಮ್ಮೆಗೇ ಎದ್ದರು. ಲಿಮ್ ಸಾಹೇಬರೂ ಎದ್ದರು. ಕೋಡುಬಳೆ ಮೂರು ಸಾಲು ಕೆಳಗಿನವರೆಗೆ ಚೆಲ್ಲಿತು. ನಾನು ಇನ್ನೂರ ತೊಂಬತ್ತರ ತಪಾಸಣೆಯಲ್ಲಿದ್ದೆ. ಚಾರ್ಟನ್ನು ಗಾಳಿಗೆ ಎಸೆದವನು ಯಾರು ಎಂದು ಕ್ಷಣ ಹುಡುಕಿದೆ. ಕೈ ಖಾಲಿಯಿತ್ತು, ನಾನೇ.

ಆರು ಇಪ್ಪತ್ತಕ್ಕೆ ಎಲ್ಲ ಮುಗಿದಾಗ ಲಿಮ್ ಸಾಹೇಬರು ನಗುತ್ತ ನಮ್ಮ ಬಳಿ ಬಂದರು. ಶ್ವೇತಾ, ಬೆವರು ಒರೆಸಿಕೊಳ್ಳುತ್ತ ನೂರುಲ್, ಡಬ್ಬಿ ಹಿಡಿದ ಸರೋಜ, ನಾನು. ಸಾಹೇಬರು ಶ್ವೇತಾಳ ಕೈ ಕುಲುಕಿದರು. "ಡಾಕ್ಟರ್, ಅದ್ಭುತ. ನಾನೂರು ಸೀಟು, ಅದರ ಮೇಲೆ ನೂರೈವತ್ತು ಜನ ಕಾಯ್ತಾ ಇದ್ರು. ನನಗೇ ಅರ್ಧ ಸೀಟು. ಈ ಮೈದಾನ ನಿಮಗೆ ಸಾಲೋದೇ ಇಲ್ಲ. ಮುಂದಿನ ವರ್ಷದಿಂದ ಸೆರೆಂಬಾನ್‌ನ ದೊಡ್ಡ ಕ್ರೀಡಾಂಗಣ ಬಾಡಿಗೆಗೆ ತಗೊಳ್ಳೋಣ. ಇಲ್ಲಿ ಪಿಕಲ್‌ಬಾಲ್ ಮಾಡಬಹುದು."

ನೂರುಲ್ ಟವೆಲನ್ನು ಮುಖದಿಂದ ತೆಗೆಯಲೇ ಇಲ್ಲ. ಶ್ವೇತಾ ನನ್ನ ಕಡೆ ನೋಡಿದಳು. ಸರೋಜ ನೋಡಲಿಲ್ಲ, "ಹೇಳಿ ಈಗ, ಇಲ್ಲ ಅಂತ" ಎಂದು ಕನ್ನಡದಲ್ಲಿ, ಡಬ್ಬಿಯ ಮುಚ್ಚಳಕ್ಕೆ ಹೇಳಿದಂತೆ ಹೇಳಿದಳು.

ರೈಲ್ವೆಯಲ್ಲಿ ನಾನು ಕಲಿತದ್ದೆಲ್ಲ ಒಂದು ಕಡೆ ನಿಂತಿತು. ಸೀಟು ಖಾಲಿ ಇದೆ ಎಂದು ಸಾರ್ವಜನಿಕರಿಗೆ ನಾನಾಗಿ ಒಪ್ಪಿಕೊಂಡ ದಿನ ನನ್ನ ಸೇವೆಯಲ್ಲಿ ಒಂದೂ ಇಲ್ಲ. ಆದರೂ ಒಪ್ಪಿಕೊಂಡೆ. "ಸರ್, ಕಾಯ್ತಾ ಇದ್ದೋರು ಯಾರೂ ಇರಲಿಲ್ಲ. ನೂರೈವತ್ತು ಸೀಟು ನನ್ನ ಹತ್ರಾನೇ ಇದ್ದವು. ಬಚ್ಚಿಟ್ಟಿದ್ದೆ. ಎಲ್ಲರೂ ಕೂತರು, ಇನ್ನೂ ಎರಡು ಉಳಿದವು. ಈ ಮೈದಾನ ಸರಿಯಾಗಿ ಸಾಲುತ್ತೆ."

"ಬಚ್ಚಿಟ್ಟಿದ್ರಾ? ಯಾರಿಗೋಸ್ಕರ?"

ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. "ಪದ್ಧತಿ, ಸರ್" ಎಂದೆ.

ಲಿಮ್ ಸಾಹೇಬರು ಮಡಚಿದ್ದ ಚೀಟಿಯನ್ನು ಜೇಬಿನಿಂದ ತೆಗೆದು ನೂರೈವತ್ತೊಂದನ್ನು ಇನ್ನೊಮ್ಮೆ ಓದಿದರು. ಅವರೂ ಕಾಗದದ ಮನುಷ್ಯರು. "ಬರೆದು ಕೊಡಿ ಅಂಕಲ್. ಏಳರೊಳಗೆ. ಫೈಲ್ ಮನೆಗೆ ತಗೊಂಡು ಹೋಗ್ತೀನಿ."

ಕ್ಯಾಂಟೀನಿನ ಮೇಜಿನ ಮೇಲೆ ಕೂತು ಬರೆದೆ. ದೊಡ್ಡ ಅಕ್ಷರಗಳಲ್ಲಿ, ಗೀಚದೆ, ತಿದ್ದದೆ, ಮೂರು ಪ್ರತಿ. ಒಟ್ಟು ಸೀಟು ನಾನೂರು. ಬಂದವರು ಮುನ್ನೂರ ತೊಂಬತ್ತೊಂಬತ್ತು. ಅವರಲ್ಲಿ ಇಬ್ಬರು ಒಂದೇ ಸೀಟಿನಲ್ಲಿ ಕೂತದ್ದರಿಂದ ಖಾಲಿ ಉಳಿದದ್ದು ಎರಡು. ವೇಟಿಂಗ್ ಲಿಸ್ಟ್ ಎಂಬುದು ಕೆಳಗೆ ಸಹಿ ಮಾಡಿದವನ ಸೃಷ್ಟಿ. ಸಾಹೇಬರು ನಿಂತೇ ಓದಿದರು. ಮೊದಲ ಪ್ರತಿಯ ಅಂಚಿನಲ್ಲಿ, ಆ ಅಚ್ಚಿನಂಥ ಅಕ್ಷರಗಳಲ್ಲಿ, ಎರಡು ಸಾಲು ಬರೆದು ನನ್ನ ಮುಂದೆ ತಳ್ಳಿದರು. ತಂಡದ ಪಂದ್ಯಗಳು ಈ ಮೈದಾನದಲ್ಲೇ ಮುಂದುವರಿಯತಕ್ಕದ್ದು. ಷರತ್ತು: ಟಿಕೆಟ್ ಕೊಡುವ ಕೆಲಸವನ್ನು ಈ ಹಿರಿಯರಿಗೆ ವಹಿಸಕೂಡದು.

ನೂರುಲ್ ಅದನ್ನು ಗಟ್ಟಿಯಾಗಿ ಓದಿದಳು. ಮೊದಲ ಸಾಲಿಗೆ ಕೂಗಿ ಶ್ವೇತಾಳನ್ನು ಎತ್ತಿ ಸುತ್ತಿಸಿದಳು. ಎರಡನೆಯ ಸಾಲಿಗೆ ಸರೋಜ ಚಪ್ಪಾಳೆ ತಟ್ಟಿದಳು. ಷರತ್ತಿನಲ್ಲಿ ಒಂದು ಲೋಪವಿದೆ, ನನ್ನ ಪೂರ್ಣ ಹೆಸರು ನಮೂದಿಸಿಲ್ಲ, ನಾಳೆ ತಕರಾರು ಬರಬಹುದು ಎಂದು ಸಾಹೇಬರಿಗೆ ತೋರಿಸಿಕೊಟ್ಟೆ. ಅವರು ಪೆನ್ನು ನನಗೇ ಕೊಟ್ಟರು. ಹಿರಿಯರು ಎಂಬುದರ ಮುಂದೆ ನನ್ನ ಹೆಸರನ್ನು ನಾನೇ ದೊಡ್ಡ ಅಕ್ಷರಗಳಲ್ಲಿ ಸೇರಿಸಿ, ಮೂರೂ ಪ್ರತಿಗಳಿಗೆ ಸಹಿ ಮಾಡಿ, ಸಮಯ ಆರು ಐವತ್ತೇಳು ಎಂದು ಬರೆದು ಒಪ್ಪಿಸಿದೆ.